ತಮ್ಮವರು ಮೆಚ್ಚಿದ ಮೂರ್ತಿ

ಗುರುವಂದನೆ ಎಂಬ ಸಮಾರಂಭ ನಮ್ಮ ಸೀಮೆಯಲ್ಲಿ ಈಚೆಗೆ ಹುಲುಸಾಗಿ ಬೆಳೆದಿದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳಲ್ಲಿ ನನಗೆ ನಂಟರೂ ಸ್ನೇಹಿತರೂ ಚೆದುರಿಕೊಂಡಿರುವುದರಿಂದ ವರ್ಷಕ್ಕೆ ಎರಡು ಮೂರಾದರೂ ಆಮಂತ್ರಣಗಳು ಬರುತ್ತವೆ. ಇಂಥ ವರ್ಷ ಎಸ್.ಎಸ್.ಎಲ್.ಸಿ. ಮುಗಿಸಿದವರು ಮೊಬೈಲ್ ಫೋನಿನಲ್ಲಿ ಒಂದು ಗುಂಪು ಕಟ್ಟಿಕೊಳ್ಳುತ್ತಾರೆ. ಬೆಂಗಳೂರು ಸೇರಿದವರು, ಅಮೆರಿಕ ಸೇರಿದವರು, ಊರಿನಲ್ಲೇ ಗದ್ದೆ ನೋಡಿಕೊಂಡಿರುವವರು ಎಲ್ಲರೂ ಅದರೊಳಗೆ ಬರುತ್ತಾರೆ. ಚಂದಾ ಎತ್ತುತ್ತಾರೆ. ಬದುಕಿರುವ ಮೇಷ್ಟರುಗಳನ್ನು ಹುಡುಕಿ, ಕಾರಿನಲ್ಲಿ ಕರೆತಂದು ಕೂರಿಸುತ್ತಾರೆ. ಮೈಸೂರು ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ, ಗಾಜಿನ ಪೆಟ್ಟಿಗೆಯಲ್ಲಿಟ್ಟ ನೆನಪಿನ ಕಾಣಿಕೆ. ಕೆಲವು ಕಡೆ ಪಾದಪೂಜೆಯೂ ಉಂಟು. ಎಂಬತ್ತೈದು ದಾಟಿದ ಮುದುಕರೊಬ್ಬರು, ಜೀವಮಾನವೆಲ್ಲ ಸೀಮೆಸುಣ್ಣದ ಧೂಳು ಕುಡಿದವರು, ತಲೆಗೆ ದೊಡ್ಡದಾದ ಪೇಟವನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಕುಳಿತಿರುವುದನ್ನು ನೋಡಿದರೆ ನಗುವೂ ಬರುತ್ತದೆ, ಕಣ್ಣೂ ಒದ್ದೆಯಾಗುತ್ತದೆ.

ಇದನ್ನು ಹಾಸ್ಯ ಮಾಡುವ ಉದ್ದೇಶ ನನಗಿಲ್ಲ. ನೆನೆಯದೆ ಇರುವುದಕ್ಕಿಂತ ನೆನೆಯುವುದು ಲೇಸು. ಪೇಟ ದೊಡ್ಡದಾದರೂ ಚಿಂತೆಯಿಲ್ಲ. ಆದರೆ ಮೂವತ್ತೈದು ವರ್ಷ ಲೆಕ್ಕಪರಿಶೋಧನೆಯ ಕೆಲಸ ಮಾಡಿದವನು ನಾನು. ಎಲ್ಲಿ ‘ಋಣ’ ಎಂಬ ಮಾತು ಕೇಳಿಸಿದರೂ ಸಾಲ ಕೊಟ್ಟವರು ಯಾರು, ಎಷ್ಟು ಕೊಟ್ಟರು, ತೀರಿತೇ, ಯಾರಿಗೆ ತೀರಿತು ಎಂದು ಕೇಳುವುದು ಅಭ್ಯಾಸವಾಗಿಬಿಟ್ಟಿದೆ. ವೇದಿಕೆಯ ಮೇಲೆ ನಿಂತವರೆಲ್ಲ ಗುರುಋಣ ಎನ್ನುತ್ತಾರೆ. ತೀರಿಸಲಾಗದ ಋಣ ಎನ್ನುತ್ತಾರೆ. ಎಂದವರೇ ಮರುಗಳಿಗೆ ಶಾಲು ಹೊದಿಸಿ, ತೀರಿಸಿದವರ ಸಮಾಧಾನದಿಂದ ಕೆಳಗಿಳಿಯುತ್ತಾರೆ.

ಕಾಳಿದಾಸನ ರಘುವಂಶದ ಐದನೆಯ ಸರ್ಗದಲ್ಲಿ ಕೌತ್ಸನೆಂಬ ಶಿಷ್ಯನ ಕಥೆಯಿದೆ. ವಿದ್ಯೆ ಮುಗಿಸಿದ ಕೌತ್ಸ ಗುರುದಕ್ಷಿಣೆಯಾಗಿ ಏನು ಕೊಡಲಿ ಎಂದು ವರತಂತು ಮುನಿಯನ್ನು ಕೇಳುತ್ತಾನೆ. ನೀನು ಮಾಡಿದ ಸೇವೆಯೇ ಸಾಕು ಎನ್ನುತ್ತಾನೆ ಗುರು. ಕೌತ್ಸ ಬಿಡುವುದಿಲ್ಲ, ಮತ್ತೆ ಮತ್ತೆ ಪೀಡಿಸುತ್ತಾನೆ. ಕೊನೆಗೆ ಮುನಿಗೆ ಸಿಟ್ಟು ಬಂದು, ಹದಿನಾಲ್ಕು ವಿದ್ಯೆ ಕಲಿತಿದ್ದೀಯೆ, ವಿದ್ಯೆಗೊಂದು ಕೋಟಿಯಂತೆ ಹದಿನಾಲ್ಕು ಕೋಟಿ ತಂದು ಹಾಕು ಎಂದುಬಿಡುತ್ತಾನೆ. ಮುಂದೆ ಕೌತ್ಸ ರಘು ಮಹಾರಾಜನ ಬಳಿಗೆ ಹೋದದ್ದು, ಎಲ್ಲವನ್ನೂ ದಾನ ಮಾಡಿ ಮಣ್ಣಿನ ಪಾತ್ರೆಯಲ್ಲಿ ಅರ್ಘ್ಯ ತಂದ ಆ ರಾಜ ಕುಬೇರನ ಮೇಲೆ ದಂಡೆತ್ತಲು ಹೊರಟದ್ದು, ಚಿನ್ನದ ಮಳೆ ಸುರಿದದ್ದು ಎಲ್ಲ ಬಲ್ಲವರಿಗೆ ಗೊತ್ತು. ನನ್ನ ಮನಸ್ಸು ಹಿಡಿಯುವುದು ಆ ಮುನಿಯ ಸಿಟ್ಟನ್ನು. ಪಂಡಿತರು ಇದನ್ನು ಒಪ್ಪುತ್ತಾರೋ ಇಲ್ಲವೋ, ಶಿಷ್ಯನ ಹಟದ ಹಿಂದೆ ಇದ್ದದ್ದು ಗುರುವಿಗೆ ಕೊಡುವ ಆಸೆಗಿಂತ ತಾನು ಸಾಲದಿಂದ ಬಿಡುಗಡೆಯಾಗುವ ಆತುರ ಎಂಬುದು ವರತಂತುವಿಗೆ ಹೊಳೆದಿರಬೇಕು. ಬೆಲೆ ಕೇಳುತ್ತೀಯಲ್ಲ, ತಗೋ ಬೆಲೆ, ಎಂದ.

ಬೆಲೆಯ ಮಾತೇ ಹತ್ತಿರ ಸುಳಿಯದ ಕೃತಜ್ಞತೆಯೂ ಉಂಟು. 1921ರಲ್ಲಿ ಸರ್ವಪಲ್ಲಿ ರಾಧಾಕೃಷ್ಣನ್ ಅವರು ಮೈಸೂರಿನ ಮಹಾರಾಜಾ ಕಾಲೇಜನ್ನು ಬಿಟ್ಟು ಕಲ್ಕತ್ತೆಗೆ ಹೊರಟಾಗ, ವಿದ್ಯಾರ್ಥಿಗಳು ಹೂವಿನಿಂದ ಸಿಂಗರಿಸಿದ ಗಾಡಿಯ ಕುದುರೆಗಳನ್ನು ಬಿಚ್ಚಿ ತಾವೇ ನೊಗಕ್ಕೆ ಹೆಗಲು ಕೊಟ್ಟು ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದರು. ಅವರು ಮೈಸೂರಿಗೆ ಬಂದು ಮೂರು ವರ್ಷವಾಗಿತ್ತು, ಅಷ್ಟೆ. 1962ರಿಂದ ಅವರ ಹುಟ್ಟುಹಬ್ಬ ಶಿಕ್ಷಕರ ದಿನವಾಯಿತು. ಸುತ್ತೋಲೆಯ ಮೇಲೆ ಆಚರಣೆ ನಡೆಯುತ್ತಿದೆ. ಸುತ್ತೋಲೆಯಿಲ್ಲದೆ ಗಾಡಿ ಎಳೆದ ಆ ಹುಡುಗರ ಬಗ್ಗೆ ಲೆಕ್ಕಪರಿಶೋಧಕನಿಗೆ ಕೆಲಸವಿಲ್ಲ. ಅದು ಅಗಲುವ ಗಳಿಗೆಯ ಪ್ರೀತಿ. ನನ್ನ ಪ್ರಶ್ನೆ ಐವತ್ತು ವರ್ಷ ಕಳೆದು, ಗುರುವೂ ಶಿಷ್ಯನೂ ಇಬ್ಬರೂ ಮುದುಕರಾದ ಮೇಲೆ ಹೇಳುವ ವಂದನೆಯದು.

ಅಂಥದಕ್ಕೆ ನಮ್ಮ ಸೀಮೆಯಲ್ಲೇ ಒಂದು ದೊಡ್ಡ ನಿದರ್ಶನವಿದೆ. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಹೆಸರನ್ನು ತಮ್ಮ ಹೆಸರಿನ ಮೊದಲ ಅಕ್ಷರವಾಗಿ ಹೊತ್ತವರು ಬಿ.ಎಂ. ಶ್ರೀಕಂಠಯ್ಯನವರು. ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯ. ಮಹಾರಾಜಾ ಕಾಲೇಜಿನಲ್ಲಿ ಅವರು ಪಾಠ ಹೇಳುತ್ತಿದ್ದುದು ಇಂಗ್ಲಿಷನ್ನು. ಆದರೆ ಆ ಇಂಗ್ಲಿಷ್ ತರಗತಿಯಿಂದ ಹೊರಗೆ ಬಂದವರು ಕನ್ನಡದ ಲೇಖಕರಾದರು! 1911ರಲ್ಲಿ ಧಾರವಾಡದಲ್ಲಿ ಕನ್ನಡ ತಲೆಯೆತ್ತುವ ಬಗೆಯನ್ನು ಕುರಿತು ಮಾತನಾಡಿದ ಮನುಷ್ಯ, ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದು ‘ಇಂಗ್ಲಿಷ್ ಗೀತಗಳು’ ಎಂದು ಅಚ್ಚು ಮಾಡಿಸಿ, ನೀವೂ ಬರೆಯಿರಿ ಎಂದು ಹುಡುಗರನ್ನು ಹುರಿದುಂಬಿಸಿದರು. ಕುವೆಂಪು, ಎಸ್.ವಿ. ರಂಗಣ್ಣ, ತೀ.ನಂ. ಶ್ರೀಕಂಠಯ್ಯ, ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾವ್, ಹೀಗೆ ಆ ಶಿಷ್ಯವರ್ಗ ಬಹಳ ದೊಡ್ಡದು.

ಆ ಶಿಷ್ಯರೂ ಮಿತ್ರರೂ ಸೇರಿ 1941ರಲ್ಲಿ ಅವರಿಗೆ ಒಂದು ಗ್ರಂಥ ಅರ್ಪಿಸಿದರು. ಹೆಸರು ‘ಸಂಭಾವನೆ’. ಇಂದು ಅಭಿನಂದನ ಗ್ರಂಥಗಳು ಪುಸ್ತಕದಂಗಡಿಯವರಿಗೂ ಬೇಡವಾಗುವಷ್ಟು ಹೆಚ್ಚಿವೆ. ಆಗ ಕನ್ನಡಕ್ಕೆ ಅದು ಹೊಸ ವಸ್ತು. ನನಗೆ ಅದರ ಹೆಸರೇ ಬಹಳ ಇಷ್ಟ. ಸಂಭಾವನೆ ಎಂದರೆ ಗೌರವ. ಪುರೋಹಿತರ ಕೈಗೆ ಹಾಕುವ ದಕ್ಷಿಣೆಯೂ ಸಂಭಾವನೆಯೇ. ಈಗಂತೂ ಸಿನಿಮಾ ನಟರ ಕೂಲಿಗೂ ಅದೇ ಮಾತು. ದಕ್ಷಿಣೆಯ ಹೆಸರಿಟ್ಟು ಆ ಶಿಷ್ಯರು ಕೊಟ್ಟದ್ದೇನು? ತಾವು ದುಡಿದು ಬರೆದ ಬರಹ. ಗುರು ಏನನ್ನು ಬಿತ್ತಿದ್ದರೋ ಅದೇ ಪೈರಿನ ಒಂದು ಹೊರೆ. ಅದರ ಮೇಲೆ ಬೇರೆ ಶಾಲು ಬೇಕಾಗಿರಲಿಲ್ಲ. ನೀವು ಕಲಿಸಿದ್ದು ಇಷ್ಟಾಯಿತು, ನೋಡಿ, ಎಂದು ಹೇಳಿದಂತಾಯಿತು.

ಇದಕ್ಕಿಂತಲೂ ನನ್ನನ್ನು ಕಾಡುವುದು ಕುವೆಂಪು ಅವರ ಇನ್ನೊಂದು ಅರ್ಪಣೆ. ಅವರ ಗುರು ತಳುಕಿನ ವೆಂಕಣ್ಣಯ್ಯನವರು 1939ರಲ್ಲಿ ತೀರಿಕೊಂಡರು. ‘ಶ್ರೀ ರಾಮಾಯಣ ದರ್ಶನಂ’ ಅಚ್ಚಾದದ್ದು 1949ರಲ್ಲಿ. ಶಿಷ್ಯ ಆ ಮಹಾಕಾವ್ಯವನ್ನು, ಹತ್ತು ವರ್ಷದ ಹಿಂದೆ ಹೋಗಿಬಿಟ್ಟ ಗುರುವಿಗೆ, ಎದುರಿಗೆ ಕುಳಿತಿದ್ದಾರೆ ಎನ್ನುವಂತೆ ಅರ್ಪಿಸಿದ್ದಾರೆ. ಕೊಡುವವನ ಕೈ ಮುಂದಿದೆ, ತೆಗೆದುಕೊಳ್ಳುವ ಕೈ ಇಲ್ಲ. ಆದರೂ ಆ ಅರ್ಪಣೆ ಬರಿದಾಯಿತೆಂದು ಓದಿದವರು ಯಾರೂ ಹೇಳಲಾರರು. ಅಂದಮೇಲೆ ವಂದನೆಗೆ ಗುರು ಎದುರಿಗೇ ಇರಬೇಕೆಂಬ ನಿಯಮವಿಲ್ಲವೆಂದಾಯಿತು. ಮೇಷ್ಟರು ಹೋಗಿಬಿಟ್ಟರಲ್ಲ, ಇನ್ನು ಯಾರಿಗೆ ಮಾಡುವುದು ಎಂದು ಕೊರಗುವವರು ಈ ಮಾತನ್ನು ಸ್ವಲ್ಪ ಯೋಚಿಸಬಹುದು.

ಆದರೆ ಒಂದು ತೊಡಕಿದೆ. ಇವೆಲ್ಲ ಗೆದ್ದ ಶಿಷ್ಯರ ಕಥೆಗಳು.

ಪಾಂಡವಪುರ ತಾಲ್ಲೂಕಿನ ಮೇಲುಕೋಟೆಗೆ ಹೋದವರು ಅಲ್ಲಿ ರಾಮಾನುಜಾಚಾರ್ಯರ ಮೂರ್ತಿಯನ್ನು ನೋಡಿರುತ್ತಾರೆ. ಹನ್ನೆರಡನೆಯ ಶತಮಾನದಲ್ಲಿ ಹೊಯ್ಸಳ ನಾಡಿಗೆ ಬಂದ ಆಚಾರ್ಯರು ತೊಣ್ಣೂರಿನಲ್ಲೂ ಮೇಲುಕೋಟೆಯಲ್ಲೂ ಇದ್ದು, ಕೊನೆಗೆ ಶ್ರೀರಂಗಕ್ಕೆ ಹಿಂತಿರುಗಲು ಅಣಿಯಾದಾಗ, ಇಲ್ಲಿನ ಶಿಷ್ಯರು ಅಗಲಲಾರದೆ ಗೋಳಿಟ್ಟರಂತೆ. ಅವರ ಸಮಾಧಾನಕ್ಕಾಗಿ ಆದದ್ದು ಆ ಮೂರ್ತಿ ಎಂದು ಸಂಪ್ರದಾಯದವರು ಹೇಳುತ್ತಾರೆ. ಅದಕ್ಕೆ ತಮಿಳಿನಲ್ಲಿ ‘ತಮರುಗಂದ ತಿರುಮೇನಿ’ ಎಂದು ಹೆಸರು. ತಮ್ಮವರು ಮೆಚ್ಚಿದ ಮೂರ್ತಿ ಎಂದು ಅರ್ಥ. ಅವರು ಹುಟ್ಟಿದ ಶ್ರೀಪೆರುಂಬುದೂರಿನಲ್ಲಿರುವುದು ‘ತಾನುಗಂದ ತಿರುಮೇನಿ’, ಅಂದರೆ ತಾನೇ ಮೆಚ್ಚಿದ ಮೂರ್ತಿ. ಎಷ್ಟು ಸೂಕ್ಷ್ಮವಾಗಿ ಹೆಸರಿಟ್ಟಿದ್ದಾರೆ! ಗುರುವಿನ ರೂಪವೂ ಯಾರು ಮೆಚ್ಚಿದ್ದು ಎಂಬುದರ ಮೇಲೆ ಬೇರೆ ಬೇರೆಯಾಗುತ್ತದೆ ಎಂದು ಅವರಿಗೆ ತಿಳಿದಿತ್ತು. ಭಕ್ತರು ಇದನ್ನು ಭಕ್ತಿಯಿಂದ ಹೇಳುತ್ತಾರೆ. ನಾನು ಅದನ್ನು ಸ್ವಲ್ಪ ಲೌಕಿಕಕ್ಕೆ ಇಳಿಸಿಕೊಂಡರೆ ಅವರು ಮನ್ನಿಸಬೇಕು. ಗುರುವಂದನೆಯ ವೇದಿಕೆಯ ಮೇಲೆ ಪೇಟ ಸುತ್ತಿಸಿಕೊಂಡು ಕುಳಿತಿರುವ ನಮ್ಮ ಮೇಷ್ಟರೂ ತಮ್ಮವರು ಮೆಚ್ಚಿದ ಮೂರ್ತಿಯೇ. ಸುಳ್ಳು ಮೂರ್ತಿಯಲ್ಲ, ಆದರೆ ಮಾಡಿದವರು ‘ತಮ್ಮವರು’. ಸಭೆಗೆ ಬಾರದೆ ಉಳಿದವನ ಕಣ್ಣಿನಲ್ಲಿ ಆ ಮುಖ ಬೇರೆಯೇ ಇರಬಹುದು.

ಹಾಗೆ ಬಾರದೆ ಉಳಿದವನೊಬ್ಬ ನನ್ನ ಗೆಳೆಯ. ಕೃಷ್ಣರಾಜಪೇಟೆಯ ಕಡೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂರುತ್ತಿದ್ದೆವು. ಒಂಬತ್ತನೆಯ ತರಗತಿಯಲ್ಲಿ ಅವನ ಅಪ್ಪನಿಗೆ ಬೀಜಗಣಿತದ ಪುಸ್ತಕ ಕೊಡಿಸಲಾಗಲಿಲ್ಲ. ಮೇಷ್ಟರು ಮೂರು ದಿನ ಅವನನ್ನು ಬಿಸಿಲಿನಲ್ಲಿ ಹೊರಗೆ ನಿಲ್ಲಿಸಿದರು. ನಾಲ್ಕನೆಯ ದಿನ ಅವನು ಬರಲಿಲ್ಲ. ಏಕೆ ಬರಲಿಲ್ಲವೆಂದು ಯಾರೂ ಅವನ ಮನೆಗೆ ಹೋಗಿ ಕೇಳಲಿಲ್ಲ. ಈಗ ಅವನದೊಂದು ಆಲೆಮನೆಯಿದೆ. ಮಗ ಗಾಣ ನೋಡಿಕೊಳ್ಳುತ್ತಾನೆ, ಪಾಕ ನೋಡುವುದು ಇವತ್ತಿಗೂ ಇವನೇ. ನಮ್ಮ ತಂಡದ ಗುರುವಂದನೆಗೆ ಅವನನ್ನೂ ಕರೆಯೋಣವೆಂದು ಹೋಗಿದ್ದೆ. ಪಟ್ಟಿ ಮಾಡಿದ್ದು ಎಸ್.ಎಸ್.ಎಲ್.ಸಿ. ಪಾಸಾದವರದು, ಅದರಲ್ಲಿ ಅವನ ಹೆಸರಿರುವ ಸಂಭವವೇ ಇರಲಿಲ್ಲ.

“ನೀನ್ ಹೋಗ್ ಬಾರಪ್ಪ. ನಂಗೆ ಆಲೆ ಬುಟ್ಟು ಬರಕ್ಕಾಗಕಿಲ್ಲ” ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವತ್ತು ಆಚೆ ನಿಲ್ಸುದ್ರಲ್ಲ, ಆಮೇಕೆ ನಾನು ಒಳಕ್ಕೆ ಹೋಗ್ಲೇ ಇಲ್ಲ” ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ.

ಇವನನ್ನು ಕೃತಘ್ನ ಎನ್ನೋಣವೆ? ಅವನಿಗೆ ಪಾಕ ಕಲಿಸಿದ ಮುದುಕನೊಬ್ಬನಿದ್ದ. ಕೊಪ್ಪರಿಗೆಯ ನೊರೆಯ ಬಣ್ಣ ಯಾವಾಗ ತಿರುಗುತ್ತದೆ, ಒಂದು ತೊಟ್ಟನ್ನು ನೀರಿಗೆ ಬಿಟ್ಟು ಬೆರಳಲ್ಲಿ ಉರುಳಿಸಿದರೆ ಅದು ಏನು ಹೇಳುತ್ತದೆ ಎಂದು ನಾಲ್ಕು ವರ್ಷ ಬೈದು ಬೈದು ಕಲಿಸಿದನಂತೆ. ಆ ಮುದುಕ ಹೋಗಿ ಎಷ್ಟೋ ವರ್ಷವಾಯಿತು. ಇವತ್ತಿಗೂ ಹಂಗಾಮಿನ ಮೊದಲ ಅಚ್ಚುಬೆಲ್ಲ ಅವನ ಮನೆಗೆ ಹೋಗುತ್ತದೆ. ನಮ್ಮ ಗುರುವಂದನೆಗಳಲ್ಲಿ ಎಷ್ಟು ಇದರ ಸಮಕ್ಕೆ ನಿಂತಾವು!

ತೊಡಕು ನನ್ನದು. ಅವನನ್ನು ಹೊರಗೆ ನಿಲ್ಲಿಸಿದ ಮೇಷ್ಟರೇ ನನ್ನನ್ನು ಮನುಷ್ಯನನ್ನಾಗಿ ಮಾಡಿದವರು. ನನ್ನ ಕೃತಜ್ಞತೆ ಸುಳ್ಳಲ್ಲ. ಅವನ ನೋವೂ ಸುಳ್ಳಲ್ಲ. ಒಂದೇ ಲೆಕ್ಕದ ಪುಸ್ತಕದಲ್ಲಿ ಎರಡನ್ನೂ ಬರೆಯುವುದು ಹೇಗೆ?

ಪಾಂಡವಪುರದಲ್ಲಿ ನಿಂತು ಕುಂತಿಬೆಟ್ಟವನ್ನು ನೋಡುವಾಗಲೆಲ್ಲ ನನಗೆ ದ್ರೋಣರ ನೆನಪು ಬರುತ್ತದೆ. ಫ್ರೆಂಚ್ ರಾಕ್ಸ್ ಎಂದಿದ್ದ ಊರಿಗೆ ಪಾಂಡವರ ಹೆಸರು ಬಂದದ್ದು ಆ ಬೆಟ್ಟದ ಐತಿಹ್ಯದಿಂದಲೇ. ಅರ್ಜುನನಿಗೆ ದ್ರೋಣರ ಮೇಲೆ ಇದ್ದ ಭಕ್ತಿ ಸಾಮಾನ್ಯವಲ್ಲ. ವಿರಾಟಪರ್ವದಲ್ಲಿ ಎದುರುಬದುರು ನಿಂತಾಗ ಮೊದಲ ಬಾಣಗಳನ್ನು ಗುರುವಿನ ಪಾದದ ಬಳಿ ಬೀಳುವಂತೆ ಬಿಟ್ಟು ನಮಸ್ಕಾರ ಮಾಡಿದವನು ಅವನು. ಆದರೆ ಅವನಿಗೆ ಸಮಾನರಿಲ್ಲದಂತೆ ಮಾಡುತ್ತೇನೆಂದು ಗುರು ಕೊಟ್ಟ ಮಾತಿಗಾಗಿ ಹೋದದ್ದು ಏಕಲವ್ಯನ ಹೆಬ್ಬೆರಳು. ಏಕಲವ್ಯನಿಗೂ ಒಂದು ಮೂರ್ತಿಯಿತ್ತಲ್ಲ! ಮಣ್ಣಿನಲ್ಲಿ ಮಾಡಿದ, ತಾನು ಮೆಚ್ಚಿದ ದ್ರೋಣ. ಆ ಮಣ್ಣಿನ ದ್ರೋಣ ಅವನಿಗೆ ಬಿಲ್ವಿದ್ಯೆ ಕಲಿಸಿದ; ನಿಜವಾದ ದ್ರೋಣ ಬಂದು ಬೆರಳು ಕೇಳಿದ. ಅರ್ಜುನ ಗುರುವಂದನೆಯ ಸಭೆ ಕರೆದಿದ್ದರೆ, ಆ ಬೆರಳಿನ ಮಾತು ಎತ್ತಬೇಕಾಗಿತ್ತೆ?

ಎತ್ತಬೇಕಾಗಿಲ್ಲ ಎನ್ನುವವರ ವಾದ ನನಗೆ ಗೊತ್ತು. ಎಂಬತ್ತೈದರ ಮುದುಕರನ್ನು ಕರೆದು ಕೂರಿಸಿ, ಐವತ್ತು ವರ್ಷದ ಹಿಂದಿನ ತಪ್ಪನ್ನು ಅವರ ಮಡಿಲಿಗೆ ಹಾಕುವುದು ಯಾವ ಸಂಸ್ಕೃತಿ? ಆ ಕಾಲವೇ ಹಾಗಿತ್ತು. ಎಲ್ಲ ಮೇಷ್ಟರೂ ಹೊಡೆಯುತ್ತಿದ್ದರು. ಅದೂ ನಿಜ. ವೇದಿಕೆಯ ಮೇಲೆ ಆರೋಪಪಟ್ಟಿ ಓದಬೇಕೆಂದು ನಾನೂ ಹೇಳುವುದಿಲ್ಲ. ಆದರೆ ಅಲ್ಲಿ ನಡೆಯುವುದು ಬರಿಯ ಮೌನವಲ್ಲ. ಗುರುವನ್ನು ಬ್ರಹ್ಮ ವಿಷ್ಣು ಮಹೇಶ್ವರರೆಂದು ಕರೆಯುವ ಶ್ಲೋಕದಿಂದ ಸಭೆ ಶುರುವಾಗುತ್ತದೆ. ಒಬ್ಬೊಬ್ಬ ಭಾಷಣಕಾರನೂ ಅದನ್ನೇ ಇನ್ನೂ ಒಂದು ಮೆಟ್ಟಿಲು ಏರಿಸುತ್ತಾನೆ. ಮೇಷ್ಟರು ದೇವರಾದ ಮೇಲೆ ಅವರಿಂದ ನೊಂದವನು ಏನಾಗುತ್ತಾನೆ? ದೈವನಿಂದಕನಾಗುತ್ತಾನೆ. ನನ್ನ ಗೆಳೆಯನನ್ನು ಮತ್ತೊಂದು ಸಲ ಹೊರಗೆ ನಿಲ್ಲಿಸಿದಂತೆ ಆಗುತ್ತದೆ. ಈ ಸಲ ನಿಲ್ಲಿಸುವವರು ನಾವು.

ಇದಕ್ಕೆ ನನಗೆ ತೋರಿದ ದಾರಿ ಬಹಳ ಸಣ್ಣದು. ಪಡೆದದ್ದನ್ನು ಪಡೆದಷ್ಟೇ ಹೇಳುವುದು. ನನ್ನ ಸರದಿ ಬಂದಾಗ ನಾನು ದೇವರ ಮಾತು ಎತ್ತಲಿಲ್ಲ. ನಮ್ಮ ಮೇಷ್ಟರು ಉತ್ತರ ಸರಿಯಿದ್ದರೂ ಅಲ್ಲಿಗೆ ಹೇಗೆ ಬಂದೆ ಎಂಬ ಹಂತಗಳನ್ನು ಬರೆಯದಿದ್ದರೆ ಅರ್ಧ ಅಂಕ ಹೊಡೆದುಹಾಕುತ್ತಿದ್ದರು. ಪುಸ್ತಕದ ಕೊನೆಯಲ್ಲಿ ಅಚ್ಚಾದ ಉತ್ತರ ಅಚ್ಚು ಹಾಕಿದವನದು, ನಿನ್ನದಲ್ಲ ಎನ್ನುತ್ತಿದ್ದರು. ಮೂವತ್ತೈದು ವರ್ಷ ಕಡತಗಳನ್ನು ನೋಡುವಾಗ, ಮೊತ್ತ ತಾಳೆಯಾದದ್ದಕ್ಕೆ ತೃಪ್ತನಾಗದೆ ಹಿಂದಿನ ಹಂತಕ್ಕೆ ಹೋಗಿ ನೋಡುವ ಚಾಳಿ ನನಗೆ ಬಂದದ್ದು ಅವರಿಂದ. ಅಷ್ಟನ್ನೇ ಹೇಳಿ ಇಳಿದೆ. ಭಾಷಣ ಸಪ್ಪೆಯಾಯಿತೆಂದು ಸ್ನೇಹಿತರು ಮುಖ ಸಿಂಡರಿಸಿದರು. ಆದರೆ ಇಂಥದನ್ನು ಕೊಟ್ಟರು ಎಂದು ಅಳತೆ ಹಿಡಿದು ಹೇಳಿದರೆ, ನನಗೆ ಅದನ್ನು ಕೊಡಲಿಲ್ಲ ಎಂದು ಇನ್ನೊಬ್ಬ ಹೇಳುವುದಕ್ಕೂ ಜಾಗ ಉಳಿಯುತ್ತದೆ. ಮೇಷ್ಟರು ಮನುಷ್ಯರಾಗಿ ಉಳಿಯುತ್ತಾರೆ.

ಅವರು ಉತ್ತರವಾಗಿ ಎರಡೇ ನಿಮಿಷ ಮಾತನಾಡಿದರು. ಆಮೇಲೆ ನಾನು ಕಾಲು ಮುಟ್ಟಲು ಬಗ್ಗಿದಾಗ, ನನ್ನ ಗೆಳೆಯನ ಹೆಸರು ಹಿಡಿದು, “ಅವನು ಬರಲಿಲ್ಲವೆ?” ಎಂದು ಕೇಳಿದರು. ಇಷ್ಟು ಜನ ಬಂದಿದ್ದರು, ಬಾರದವನ ಹೆಸರು ಅವರ ಬಾಯಲ್ಲಿತ್ತು. ನಾನು ಆಲೆಯ ಕೆಲಸ ಎಂದೆ. ಅವರು ತಲೆಯಾಡಿಸಿ ಪೇಟವನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

ಅಳತೆ ಹಿಡಿದು ಹೇಳಲಾಗದ ಸಾಲವೂ ಒಂದಿದೆ, ಅದನ್ನು ಮರೆಯಬಾರದು. ಶ್ರೀರಂಗಪಟ್ಟಣದಲ್ಲಿರುವ ನನ್ನ ಸೋದರತ್ತೆ ಪ್ರಾಥಮಿಕ ಶಾಲೆಯಲ್ಲಿ ಒಂದನೆಯ ತರಗತಿಯ ಮಕ್ಕಳಿಗೇ ಪಾಠ ಹೇಳಿ ನಿವೃತ್ತರಾದವರು. ಅವರನ್ನು ಇದುವರೆಗೂ ಯಾವ ಗುರುವಂದನೆಗೂ ಯಾರೂ ಕರೆದಿಲ್ಲ. ಬೇಸರವಿಲ್ಲವೆ ಅತ್ತೆ, ಎಂದು ಕೇಳಿದೆ. “ಅ ಆ ಕಲಿತಿದ್ದು ಯಾರಿಗಪ್ಪ ಜ್ಞಾಪಕ ಇರತ್ತೆ? ಜ್ಞಾಪಕ ಇದ್ರೆ ಹೊಡೆಸಿಕೊಂಡು ಕಲಿತ ಅಂತ್ಲೇ ಲೆಕ್ಕ” ಎಂದು ನಕ್ಕರು. ಈ ಲೇಖನವನ್ನು ಓದುತ್ತಿರುವವರಿಗೆಲ್ಲ ಅಂಥ ಒಬ್ಬರು ಅಕ್ಷರ ತಿದ್ದಿಸಿದ್ದಾರೆ. ಅವರ ಮುಖ ಎಷ್ಟು ಜನಕ್ಕೆ ನೆನಪಿದೆ?

ನಮ್ಮ ಹಿರಿಯರು ಮನುಷ್ಯ ಹುಟ್ಟುವಾಗಲೇ ಮೂರು ಋಣ ಹೊತ್ತು ಬರುತ್ತಾನೆಂದರು: ದೇವಋಣ, ಋಷಿಋಣ, ಪಿತೃಋಣ. ಇದರಲ್ಲಿ ಒಂದು ಜಾಣತನವಿದೆ. ಪಿತೃಋಣ ತೀರುವುದು ತಂದೆಗೆ ಹಿಂದಿರುಗಿ ಕೊಟ್ಟಲ್ಲ, ಮಕ್ಕಳನ್ನು ಪಡೆದು. ಋಷಿಋಣ ತೀರುವುದು ಋಷಿಗೆ ದಕ್ಷಿಣೆ ಕೊಟ್ಟಲ್ಲ, ಓದಿ. ಓದಿದ್ದನ್ನು ಮುಂದಿನವರಿಗೆ ಒಪ್ಪಿಸಿ. ಸಾಲ ಕೊಟ್ಟವನು ಹಿಂದೆ ನಿಂತಿದ್ದಾನೆ, ಕಂತು ಕಟ್ಟಬೇಕಾದದ್ದು ಮುಂದೆ. ಯಾವ ಬ್ಯಾಂಕಿನವರೂ ಒಪ್ಪದ ಪದ್ಧತಿ. ಆದರೆ ವಿದ್ಯೆಯ ವ್ಯವಹಾರ ಮೊದಲಿನಿಂದಲೂ ಹೀಗೆಯೇ ನಡೆದಿದೆ. ಈ ಮಾತನ್ನು ನಾವು ಪುರಾಣದ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದೇವೆ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಖಾಲಿ ಬಿದ್ದ ಹುದ್ದೆಗಳನ್ನು ‘ಅತಿಥಿ ಶಿಕ್ಷಕ’ರಿಂದ ತುಂಬುತ್ತಾರೆ. ಅವರಿಗೆ ಕೊಡುವುದಕ್ಕೆ ಸಂಬಳವೆಂದು ಹೆಸರಿಲ್ಲ, ‘ಗೌರವಧನ’. ಹೆಸರಿನಲ್ಲಿರುವ ಗೌರವಕ್ಕೂ ಕೈಗೆ ಬರುವ ಧನಕ್ಕೂ ಇರುವ ಅಂತರವನ್ನು ಅವರನ್ನೇ ಕೇಳಬೇಕು. ನಿವೃತ್ತರಾದ ಗುರುಗಳಿಗೆ ಪಾದಪೂಜೆ. ಪಾಠ ಹೇಳುತ್ತಿರುವವರು ಅತಿಥಿ.

ಸಮಾರಂಭ ಮುಗಿದು ಒಂದು ತಿಂಗಳಾದ ಮೇಲೆ ಆ ಕಡೆ ಹೋಗಿದ್ದಾಗ ಆಲೆಮನೆಯ ಹತ್ತಿರ ಇಳಿದೆ. ಗೆಳೆಯ ಒಲೆಗೆ ಕಬ್ಬಿನ ಸಿಪ್ಪೆ ನೂಕುತ್ತಿದ್ದ.

“ಮೇಷ್ಟರು ನಿನ್ನನ್ನು ಕೇಳಿದರು” ಎಂದೆ.

“ಏನಂತ?”

“ಅವನು ಬರಲಿಲ್ಲವೆ ಅಂತ.”

“ಹೆಸ್ರು ಹಿಡ್ದು ಕೇಳುದ್ರಾ?”

“ಹೂಂ.”

ಅವನು ಏನೂ ಹೇಳಲಿಲ್ಲ. ಇನ್ನೆರಡು ಹಿಡಿ ಸಿಪ್ಪೆ ನೂಕಿ, ಕೊಪ್ಪರಿಗೆಯ ಕಡೆ ಎದ್ದು ಹೋಗಿ, ಬಹಳ ಹೊತ್ತು ನೊರೆ ನೋಡುತ್ತ ನಿಂತ. ತಿರುಗಿ ಬಂದಾಗ ಮಾತು ಬೇರೆಯಾಗಿತ್ತು. ಅವನ ಮೊಮ್ಮಗಳು ಈಗ ಅದೇ ಶಾಲೆಯಲ್ಲಿ ಒಂಬತ್ತನೆಯ ತರಗತಿ. “ಜೂನ್‌ನಿಂದ ಲೆಕ್ಕದ ಮೇಷ್ಟ್ರಿಲ್ಲ ಕಣಪ್ಪ” ಎಂದ.

ಅದನ್ನು ನಮ್ಮ ಗುಂಪಿನಲ್ಲಿ ತಿಳಿಸಿದ್ದೇನೆ. ಗುರುವಂದನೆಗೆ ಎತ್ತಿದ ಚಂದಾದಲ್ಲಿ ಸ್ವಲ್ಪ ಹಣ ಉಳಿದಿದೆ. ಅದರಿಂದ ಶಾಲೆಯ ಮುಂದೆ ಒಂದು ಕಮಾನು ಕಟ್ಟಿಸಿ, ಗುರುಗಳ ಹೆಸರನ್ನೂ ಕೆಳಗೆ ನಮ್ಮ ಹೆಸರುಗಳನ್ನೂ ಕಲ್ಲಿನಲ್ಲಿ ಕೆತ್ತಿಸಬೇಕೆಂಬುದು ಒಂದು ಪಕ್ಷ. ಒಬ್ಬ ಲೆಕ್ಕದ ಮೇಷ್ಟರನ್ನು ಪರೀಕ್ಷೆಯವರೆಗಾದರೂ ಇಟ್ಟುಕೊಂಡು, ತಿಂಗಳು ತಿಂಗಳು ಸಂಬಳವೆಂದೇ ಕರೆದು ಕೊಡಬೇಕೆಂಬುದು ಇನ್ನೊಂದು ಪಕ್ಷ. ನಾನು ಎರಡನೆಯ ಪಕ್ಷದವನು. ಸದ್ಯಕ್ಕೆ ಕಮಾನಿನ ಕಡೆಗೇ ಬಹುಮತ ಇರುವಂತೆ ಕಾಣುತ್ತದೆ.